ಸಂಧಿವಾತ ಇರುವವರ ತಾರಸಿ ತೋಟ: ನೀರು ಮೊದಲು, ಗಿಡ ಆಮೇಲೆ

ರುಮಟಾಯ್ಡ್ ಸಂಧಿವಾತ ಇರುವವರು ತಾರಸಿಯಲ್ಲಿ ಸೊಪ್ಪು ತರಕಾರಿ ಬೆಳೆಯಲು ಹೊರಟಾಗ ಮೊದಲು ಕೊಳ್ಳುವುದು ಬೀಜ, ಕುಂಡ, ಮತ್ತೊಂದು ಚೆಂದದ ಸಲಕರಣೆಗಳ ಸೆಟ್ಟು. ಬೇಸಿಗೆ ಬರುವಷ್ಟರಲ್ಲಿ ಅರ್ಧ ಕುಂಡ ಒಣಗಿರುತ್ತದೆ. ಇದು ಆಸಕ್ತಿ ಕಡಿಮೆಯಾಗಿ ಆಗುವುದಲ್ಲ. ಈ ಕಾಯಿಲೆಗೆ ಏರಿಳಿತ ಇದೆ. ಕೈ ಚೆನ್ನಾಗಿದ್ದ ವಾರ ಹತ್ತು ಕುಂಡ ತುಂಬಿಸಿರುತ್ತೀರಿ, ಕೀಲು ಊದಿದ ವಾರ ಮಹಡಿ ಮೆಟ್ಟಿಲು ಹತ್ತುವುದೇ ಕಷ್ಟ. ಏಪ್ರಿಲ್ ಬಿಸಿಲಿನಲ್ಲಿ ಕುಂಡದ ಗಿಡ ಎರಡು ದಿನ ಕಾಯುವುದಿಲ್ಲ. ಆದ್ದರಿಂದ ತೋಟದ ಲೆಕ್ಕ ಕೆಟ್ಟ ವಾರದಿಂದಲೇ ಶುರುವಾಗಬೇಕು. ಹತ್ತು ದಿನ ಯಾರೂ ಮೇಲೆ ಹೋಗದಿದ್ದರೂ ಗಿಡ ಉಳಿಯುವಂತಿದ್ದರೆ ಮಾತ್ರ ಮುಂದಿನ ಮಾತು.

ಅಂದರೆ ನೀರು. 12 ಅಂಗುಲ ಅಗಲ, 12 ಅಂಗುಲ ಎತ್ತರದ ಗ್ರೋ ಬ್ಯಾಗ್ (ಗಿಡ ಬೆಳೆಸುವ ಚೀಲ) ಒಂದಕ್ಕೆ ಸಾಧಾರಣ ದಿನಗಳಲ್ಲಿ ಸುಮಾರು 1 ಲೀಟರ್, ಕಡು ಬೇಸಿಗೆಯಲ್ಲಿ ಒಂದೂವರೆಯಿಂದ 2 ಲೀಟರ್ ಬೇಕಾಗುತ್ತದೆ. 20 ಬ್ಯಾಗ್ ಇದ್ದರೆ ಬೇಸಿಗೆಯ ಲೆಕ್ಕ ದಿನಕ್ಕೆ 40 ಲೀಟರ್, ತೂಕದಲ್ಲಿ 40 ಕಿಲೋ. ಅಷ್ಟನ್ನು ಬಕೆಟ್ಟಿನ ತೆಳು ಹಿಡಿಕೆಗೆ ಬೆರಳು ಕೊಟ್ಟು ಸಾಗಿಸುವುದಕ್ಕಿಂತ ಕೆಟ್ಟ ಕೆಲಸ ಊದಿದ ಗೆಣ್ಣುಗಳಿಗೆ ಇನ್ನೊಂದಿಲ್ಲ. ಡ್ರಿಪ್, ಅಂದರೆ ಹನಿ ನೀರಾವರಿ, ಹಾಕಿಸಿ. ಸಲಕರಣೆಗೆಂದು ಇಟ್ಟ ಹಣವೆಲ್ಲ ಇದಕ್ಕೇ ಹೋದರೂ ಸರಿಯೇ.

ಬೇಕಾಗುವುದು ಇಷ್ಟು: ತಾರಸಿಯ ಟ್ಯಾಂಕಿನಿಂದ ಒಂದು ಕವಲು, ಅದಕ್ಕೆ ಬಾಲ್ ವಾಲ್ವ್, ಸ್ಕ್ರೀನ್ ಫಿಲ್ಟರ್, ಟೈಮರ್, 16 ಮಿ.ಮೀ. ಕಪ್ಪು ಪೈಪ್, ಬ್ಯಾಗಿಗೊಂದು 4 ಮಿ.ಮೀ. ಸಣ್ಣ ಟ್ಯೂಬು, ತುದಿಗೆ ಡ್ರಿಪ್ಪರ್, ಪೈಪಿನ ಕೊನೆಗೆ ಎಂಡ್ ಕ್ಯಾಪ್. ಪಾರದರ್ಶಕ ಪೈಪ್ ಬೇಡ, ಒಳಗೆ ಪಾಚಿ ಕಟ್ಟುತ್ತದೆ. ಸಣ್ಣ ಟ್ಯೂಬನ್ನು ಡ್ರಿಪ್ಪರಿಗೆ ತುರುಕುವಾಗ ಹೆಬ್ಬೆರಳಿನ ಬುಡಕ್ಕೆ ಜೋರು ಒತ್ತಡ ಬೀಳುತ್ತದೆ. ತುದಿಯನ್ನು ಬಿಸಿನೀರಿನಲ್ಲಿ ಹತ್ತು ಸೆಕೆಂಡು ಅದ್ದಿದರೆ ಮೆತ್ತಗಾಗಿ ಸಲೀಸಾಗಿ ಕೂರುತ್ತದೆ. ಆದರೂ ಈ ಭಾಗವನ್ನು ಮನೆಯಲ್ಲಿ ಬೇರೆಯವರಿಗೆ ಒಪ್ಪಿಸುವುದೇ ಜಾಣತನ.

ಅಂಗಡಿಯವರು ಸಾಮಾನ್ಯವಾಗಿ ಹೇಳದ ವಿಷಯ ಒತ್ತಡದ್ದು. ನೀರು 10 ಮೀಟರ್ ಎತ್ತರದಿಂದ ಇಳಿದರೆ ಸುಮಾರು 1 ಬಾರ್ ಒತ್ತಡ. ನಿಮ್ಮ ಟ್ಯಾಂಕು ಕುಂಡಗಳಿಗಿಂತ 2 ಮೀಟರ್ ಮೇಲಿದ್ದರೆ ಸಿಗುವುದು 0.2 ಬಾರ್ ಮಾತ್ರ. ‘ಪ್ರೆಷರ್ ಕಾಂಪೆನ್ಸೇಟಿಂಗ್’ (ಒತ್ತಡ ಏರಿಳಿದರೂ ಒಂದೇ ಸಮ ನೀರು ಬಿಡುವ ಬಗೆ) ಎಂದು ದುಬಾರಿ ಬೆಲೆಗೆ ಕೊಡುವ ಡ್ರಿಪ್ಪರ್ ಇಷ್ಟು ಕಡಿಮೆ ಒತ್ತಡದಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಸಾದಾ ಡ್ರಿಪ್ಪರ್ ಸಾಕು. ಅದರ ಮೇಲೆ ಗಂಟೆಗೆ 4 ಲೀಟರ್ ಎಂದು ಬರೆದಿದ್ದರೂ ಅದು 1 ಬಾರ್ ಒತ್ತಡದ ಅಳತೆ, 0.2 ಬಾರಿನಲ್ಲಿ ಅರ್ಧಕ್ಕಿಂತ ಕಡಿಮೆ, ಹೆಚ್ಚುಕಡಿಮೆ 1.8 ಲೀಟರ್ ಬರುತ್ತದೆ. ಹತ್ತು ನಿಮಿಷ ಒಂದು ಲೋಟಕ್ಕೆ ಬಿಟ್ಟು ಅಳೆಯಿರಿ. 300 ಮಿ.ಲೀ. ಆಸುಪಾಸು ಬಂದರೆ ಬೆಳಿಗ್ಗೆ 20 ನಿಮಿಷ, ಸಂಜೆ 20 ನಿಮಿಷ ಇಟ್ಟಾಗ ದಿನಕ್ಕೆ 1.2 ಲೀಟರ್ ಆಯಿತು. ಬೇಸಿಗೆಗೆ ಅದನ್ನೇ 30 ನಿಮಿಷಕ್ಕೆ ಏರಿಸಿ.

ಟೈಮರಿನಲ್ಲೂ ಇದೇ ತೊಡಕು. ಸೊಲೆನಾಯ್ಡ್ ಬಗೆಯ, ಅಂದರೆ ವಿದ್ಯುತ್ಕಾಂತದಿಂದ ಕೆಲಸ ಮಾಡುವ ಟೈಮರ್ ತೆರೆದುಕೊಳ್ಳಲು ನೀರಿನ ಒತ್ತಡವೇ ಬೇಕು. ಗುರುತ್ವದಿಂದ ಇಳಿಯುವ ನೀರಿಗೆ ಎಷ್ಟೋ ಸಲ ತೆರೆಯುವುದೇ ಇಲ್ಲ, ತೆರೆದರೆ ಪೂರ್ತಿ ಮುಚ್ಚುವುದಿಲ್ಲ. ಒಳಗೆ ಮೋಟರಿನಿಂದ ತಿರುಗುವ ಬಾಲ್ ವಾಲ್ವ್ ಇರುವ ಟೈಮರನ್ನೇ ಕೇಳಿ ತನ್ನಿ. ಟೈಮರ್ ಇದ್ದರೆ ಇನ್ನೊಂದು ರಕ್ಷಣೆಯೂ ಉಂಟು: ಎಲ್ಲೋ ಒಂದು ಟ್ಯೂಬು ಕಳಚಿದರೂ 20 ನಿಮಿಷದಲ್ಲಿ ನೀರು ನಿಲ್ಲುತ್ತದೆ, ಇಡೀ ಟ್ಯಾಂಕು ಬರಿದಾಗುವುದಿಲ್ಲ. ಬ್ಯಾಟರಿಯನ್ನು ಮುಗಿಯುವ ತನಕ ಕಾಯದೆ ಯುಗಾದಿಗೊಮ್ಮೆ, ದಸರೆಗೊಮ್ಮೆ ಬದಲಿಸುವ ರೂಢಿ ಇಟ್ಟುಕೊಳ್ಳಿ.

ಬೋರ್‌ವೆಲ್ ನೀರಾದರೆ ಡ್ರಿಪ್ಪರಿನ ಬಾಯಲ್ಲಿ ಬಿಳಿ ಸುಣ್ಣ ಕಟ್ಟುವುದು ಖಂಡಿತ. ಕಟ್ಟಿಕೊಂಡದ್ದನ್ನು ಪಿನ್ನಿನಿಂದ ಚುಚ್ಚಿದರೆ ರಂಧ್ರ ದೊಡ್ಡದಾಗಿ ಆ ಒಂದು ಬ್ಯಾಗಿಗೆ ಮಾತ್ರ ನೀರು ಸುರಿಯುತ್ತದೆ. ಕಳಚಿ ರಾತ್ರಿಯಿಡೀ ವಿನೆಗರಿನಲ್ಲಿ ನೆನೆಹಾಕಿ, ಬೆಳಿಗ್ಗೆ ನೀರಿನಲ್ಲಿ ಅಲುಗಿಸಿದರೆ ಸಾಕು. ಹತ್ತಿಪ್ಪತ್ತು ಡ್ರಿಪ್ಪರ್ ಹೆಚ್ಚಿಗೆ ತಂದಿಟ್ಟುಕೊಂಡರೆ ಕೈ ನೋಯುವ ದಿನ ತೊಳೆಯುತ್ತ ಕೂರಬೇಕಾಗಿಲ್ಲ, ಬದಲಿಸಿದರಾಯಿತು.

ಮಣ್ಣಿನ ಮೇಲೆ ಎರಡು ಅಂಗುಲ ಒಣ ಎಲೆ ಅಥವಾ ತೆಂಗಿನ ನಾರು ಹೊದಿಸಿದರೆ ನೀರು ಆರುವುದೂ ಕಡಿಮೆ, ಕಳೆಯೂ ಕಡಿಮೆ. ಕಳೆ ಕೀಳುವುದು ಚಿವುಟುವ ಕೆಲಸ. ಅದನ್ನು ಎಷ್ಟು ತಪ್ಪಿಸಿದರೂ ಲಾಭವೇ.

ಇನ್ನು ಎತ್ತರ. ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗೆ ಮಣ್ಣಿನ ಮೇಲ್ಮೈ ನೆಲದಿಂದ ಎರಡೂವರೆ ಅಡಿ ಇದ್ದರೆ ಚೆನ್ನ. ಬಹಳ ಮಂದಿ ವೆಲ್ಡಿಂಗ್ ಅಂಗಡಿಯಲ್ಲಿ ‘ಎರಡೂವರೆ ಅಡಿ ಸ್ಟ್ಯಾಂಡ್’ ಎಂದೇ ಹೇಳಿಬಿಡುತ್ತಾರೆ. ಅದರ ಮೇಲೆ ಒಂದು ಅಡಿಯ ಬ್ಯಾಗ್ ಕೂತಾಗ ಮಣ್ಣು ಮೂರೂವರೆ ಅಡಿಗೆ ಏರುತ್ತದೆ, ಭುಜ ಎತ್ತಿಕೊಂಡೇ ಕೆಲಸ ಮಾಡಬೇಕಾಗುತ್ತದೆ. ಸ್ಟ್ಯಾಂಡ್ ಒಂದೂವರೆ ಅಡಿ ಸಾಕು. ಒಂದೇ ಕಡೆಯಿಂದ ಕೈ ಚಾಚುವುದಾದರೆ ಅಗಲ ಎರಡು ಅಡಿ ಮೀರಬಾರದು. ಇಟ್ಟಿಗೆ ಕಂಬದ ಮೇಲೆ ಕಡಪ ಕಲ್ಲು ಹಾಸಿದರೂ ನಡೆಯುತ್ತದೆ. ಭಾರವನ್ನು ತಾರಸಿಯ ನಡುವೆ ಪೇರಿಸದೆ ಗೋಡೆ, ತೊಲೆಗಳ ಮೇಲೆ ಬರುವಂತೆ ಇಡಿ. ಯಾವ ಬ್ಯಾಗನ್ನೂ ನೇರ ನೆಲದ ಮೇಲೆ ಇಡಬೇಡಿ: ಅಡಿಯಲ್ಲಿ ನೀರು ನಿಂತು ತಾರಸಿ ಜಿನುಗಲು ಶುರುವಾದರೆ ಆ ರಿಪೇರಿಯಲ್ಲಿ ತೋಟವೇ ಎತ್ತಂಗಡಿ.

ಬ್ಯಾಗನ್ನು ಸ್ಟ್ಯಾಂಡಿನ ಮೇಲಿಟ್ಟೇ ತುಂಬಿಸಿ. ತುಂಬಿದ ಮೇಲೆ ಅದನ್ನು ಜರುಗಿಸುವ ಮಾತಿಲ್ಲ. ಬರೀ ಕೆಂಪು ಮಣ್ಣು ತುಂಬಿ ನೀರು ಹಾಕಿದರೆ 12 ಅಂಗುಲದ ಬ್ಯಾಗ್ 25 ಕಿಲೋ ದಾಟುತ್ತದೆ, ಒಣಗಿದಾಗ ಕಲ್ಲಾಗುತ್ತದೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ನಾಲ್ಕು ಪಾಲು, ಎರೆಗೊಬ್ಬರ ಮೂರು ಪಾಲು, ಕೆಂಪು ಮಣ್ಣು ಎರಡು ಪಾಲು, ಭತ್ತದ ಹೊಟ್ಟು ಒಂದು ಪಾಲು ಬೆರೆಸಿದರೆ ತೂಕ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಬೆರಳಿನಲ್ಲೇ ಗುಳಿ ತೆಗೆಯಬಹುದು. ಬ್ಯಾಗಿಗೆ ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ. ಕೋಕೋಪೀಟಿನ 5 ಕಿಲೋ ಇಟ್ಟಿಗೆ ಅಗ್ಗವಾಗಿ ಕಂಡರೂ ಕೊಳ್ಳಬೇಡಿ. ಅದನ್ನು ಎತ್ತುವುದು, ಒಡೆಯುವುದು ಎರಡೂ ಮಣಿಕಟ್ಟಿಗೆ ಶಿಕ್ಷೆ. 650 ಗ್ರಾಂ ಸಣ್ಣ ಇಟ್ಟಿಗೆಗಳು ಸಿಗುತ್ತವೆ, ಮೂರು ನಾಲ್ಕು ಲೀಟರ್ ನೀರಿಗೆ ಉಬ್ಬಿ ಎಂಟೊಂಬತ್ತು ಲೀಟರಾಗುತ್ತವೆ. ತೊಳೆಯದ ಕೋಕೋಪೀಟಿನಲ್ಲಿ ಉಪ್ಪಿನಂಶ ಇರುತ್ತದೆ, ಎಳೆ ಸಸಿಯ ಎಲೆಯಂಚು ಸುಡುತ್ತದೆ. ಎರಡು ನೀರು ಹಾಯಿಸಿ ಬಸಿಯಿರಿ. ಕೋಕೋಪೀಟಿನಲ್ಲಿ ಪೋಷಕಾಂಶ ಅಷ್ಟಾಗಿ ಇಲ್ಲದ್ದರಿಂದ 15–20 ದಿನಕ್ಕೊಮ್ಮೆ ಒಂದು ಹಿಡಿ ಎರೆಗೊಬ್ಬರ ಉದುರಿಸುತ್ತಿರಬೇಕು. ಸೆಗಣಿ, ಗಂಜಲ ಕಲಸಿ ಮಾಡುವ ದ್ರವ ಗೊಬ್ಬರ ಜೀವಾಮೃತದ ಅಭಿಮಾನಿಗಳು ಸಿಟ್ಟಾಗಬಾರದು, ಆದರೆ 200 ಲೀಟರ್ ಡ್ರಮ್ಮನ್ನು ದಿನಕ್ಕೆರಡು ಸಲ ಕಲಕುವುದು ಈ ಕೈಗಳ ಕೆಲಸವಲ್ಲ.

ಈ ಧೂಳು, ಗೊಬ್ಬರದ ಬಗ್ಗೆ ಎಚ್ಚರ ಬೇಕಾದ ಕಾರಣವೇ ಬೇರೆ. ಈ ಕಾಯಿಲೆಗೆ ಕೊಡುವ ಮೆಥೊಟ್ರೆಕ್ಸೇಟ್, ಸ್ಟಿರಾಯ್ಡ್, ಬಯಾಲಜಿಕ್ ಚುಚ್ಚುಮದ್ದು ಇವೆಲ್ಲ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗಳು. ಒಣ ಕಾಂಪೋಸ್ಟಿನಲ್ಲಿ ಶಿಲೀಂಧ್ರದ ಬೀಜಾಣುಗಳಿರುತ್ತವೆ. ಕುಂಡದ ಮಿಶ್ರಣಗಳಲ್ಲಿ ನ್ಯುಮೋನಿಯಾ ತರುವ ಲೀಜನೆಲ್ಲಾ ಬಗೆಯ ಬ್ಯಾಕ್ಟೀರಿಯಾವೂ ಸಿಕ್ಕಿದೆ. ಗೊಬ್ಬರದ ಚೀಲವನ್ನು ಮುಖದಿಂದ ದೂರ ಹಿಡಿದು ಬಯಲಿನಲ್ಲೇ ಬಿಚ್ಚಿ, ಮೊದಲು ನೀರು ಚಿಮುಕಿಸಿ, ಆಮೇಲೆ ಕೈಹಾಕಿ. ಎನ್95 ಮಾಸ್ಕ್ ಹಾಕಿಕೊಳ್ಳಿ. ಗುಲಾಬಿ ಮುಳ್ಳಿನ ಗೀರಿನಿಂದಲೂ ಚರ್ಮದ ಶಿಲೀಂಧ್ರ ಸೋಂಕು ಬರಬಹುದು. ಗೀರಿದ ಕಡೆ ವಾರ ಕಳೆದರೂ ಮಾಯದೆ ಗಂಟು ಕಟ್ಟಿದರೆ ಡಾಕ್ಟರಿಗೆ ‘ಮುಳ್ಳು ಗೀರಿತ್ತು’ ಎಂದು ಹೇಳಲು ಮರೆಯಬಾರದು. ಟೆಟನಸ್ ಚುಚ್ಚುಮದ್ದು ಯಾವಾಗ ಆಗಿತ್ತೆಂದೂ ನೋಡಿಕೊಳ್ಳಿ. ಕೈಗವಸು ದಪ್ಪ ಚರ್ಮದ್ದಾದರೆ ಹಿಡಿತಕ್ಕೆ ಹೆಚ್ಚು ಬಲ ಬೇಕಾಗುತ್ತದೆ. ನೈಟ್ರೈಲ್ ಲೇಪದ ತೆಳು ನೂಲಿನ ಗವಸು, ಅದೂ ನಿಮ್ಮ ಅಳತೆಗಿಂತ ಒಂದು ಸೈಜು ದೊಡ್ಡದು ತನ್ನಿ. ಕೆಲಸದ ನಡುವೆ ಬೆರಳು ಊದಿಕೊಂಡರೆ ಬಿಗಿ ಗವಸನ್ನು ಎಳೆದು ತೆಗೆಯುವಾಗಲೇ ನೋವು.

ಸಲಕರಣೆ ವಿಷಯದಲ್ಲಿ ಸೂತ್ರ ಸರಳ: ಹಿಡಿ ದಪ್ಪಗಿದ್ದಷ್ಟೂ ಗೆಣ್ಣಿಗೆ ಬೀಳುವ ಒತ್ತಡ ಕಡಿಮೆ. ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮ್ ಕೊಳವೆಯನ್ನು ಕುರ್ಪಿಯ ಹಿಡಿಗೆ ತೂರಿಸಿ, ಮೇಲೆ ಬ್ಯಾಡ್ಮಿಂಟನ್ ಗ್ರಿಪ್ ಸುತ್ತಿದರೆ ಅಂಗಡಿಯ ದುಬಾರಿ ಹಿಡಿಗಿಂತ ಚೆನ್ನಾಗಿರುತ್ತದೆ. ಈ ಕಾಯಿಲೆಯಲ್ಲಿ ಬೆರಳುಗಳು ಕಿರುಬೆರಳ ಕಡೆಗೆ ವಾಲುವ ಸ್ವಭಾವ ಇದೆ. ಕುರ್ಪಿಯನ್ನು ಅಡ್ಡಕ್ಕೆ ಬೀಸಿ ಕೆರೆದರೆ ಅದೇ ದಿಕ್ಕಿಗೆ ಒತ್ತಡ ಬೀಳುತ್ತದೆ. ಒನಕೆ ಹಿಡಿದಂತೆ ಮುಷ್ಟಿಯಲ್ಲಿ ನೇರ ಹಿಡಿದು, ಬಲವನ್ನು ಮೊಣಕೈಯಿಂದ ಕೊಡಿ. ಕೊಂಬೆ ಕತ್ತರಿಸಲು ರ‍್ಯಾಚೆಟ್ ಕತ್ತರಿ ತನ್ನಿ, ಒಂದೇ ಏಟಿಗೆ ಒತ್ತುವ ಬದಲು ಮೂರು ನಾಲ್ಕು ಹಂತದಲ್ಲಿ ಕತ್ತರಿಸುತ್ತದೆ. ಸುತ್ತಿ ಸುತ್ತಿ ತಿರುಗಿಸುವ ನಲ್ಲಿಯನ್ನು ಅಂಗೈಯಿಂದ ತಳ್ಳಿ ತೆರೆಯುವ ಉದ್ದ ಹಿಡಿಯ ನಲ್ಲಿಗೆ ಬದಲಿಸಿ. ಬೇವಿನೆಣ್ಣೆ ಹೊಡೆಯಲು ಬಾಟಲಿಯ ಟ್ರಿಗರ್ ಸ್ಪ್ರೇ ಬೇಡವೇ ಬೇಡ, ನೂರು ಸಲ ಅದುಮಿದ ಮೇಲೆ ಬೆರಳು ಮಡಚಲಾಗುವುದಿಲ್ಲ. ಬ್ಯಾಟರಿಯ ಸಣ್ಣ ಸ್ಪ್ರೇಯರ್ ಸಾಕು. ಪ್ರಮಾಣ ಲೀಟರಿಗೆ 5 ಮಿ.ಲೀ. ಎಣ್ಣೆ, ಒಂದೆರಡು ಮಿ.ಲೀ. ಸೋಪು ದ್ರವ, ಹೊತ್ತಿಳಿದ ಮೇಲೆ. ಸೋಪು ಬಿಟ್ಟರೆ ಎಣ್ಣೆ ಬೇರೆಯಾಗಿ ತೇಲುತ್ತದೆ, ಎಲೆಗೆ ಅಂಟುವುದಿಲ್ಲ. ಬಳ್ಳಿ ಕಟ್ಟಲು ದಾರದ ಗಂಟಿನ ಬದಲು ವೆಲ್ಕ್ರೋ ಪಟ್ಟಿ. ಹರಿವೆಯಂಥ ಸಣ್ಣ ಬೀಜವನ್ನು ನಾಲ್ಕು ಪಾಲು ಒಣ ಮರಳಿನೊಂದಿಗೆ ಬೆರೆಸಿ ತೂತಿರುವ ಉಪ್ಪಿನ ಡಬ್ಬಿಯಿಂದ ಉದುರಿಸಿದರೆ ಚಿಟಿಕೆ ಹಿಡಿಯುವ ಕಷ್ಟವಿಲ್ಲ.

‘ತೋಟದ ಕೆಲಸ ಬೆಳಿಗ್ಗೆಯೇ ಮಾಡಬೇಕು’ ಎನ್ನುವ ಉಪದೇಶವನ್ನು ಪಕ್ಕಕ್ಕಿಡಿ. ಈ ಕಾಯಿಲೆಯಲ್ಲಿ ಬೆಳಗಿನ ಬಿಗಿತ ಒಂದು ಗಂಟೆ ಮೀರುವುದು ಸಾಮಾನ್ಯ. ಸಂಜೆ ನಾಲ್ಕೂವರೆಯ ನಂತರ ಕೈಯೂ ಸಡಿಲವಾಗಿರುತ್ತದೆ, ಬಿಸಿಲೂ ಇಳಿದಿರುತ್ತದೆ. ವಾರಕ್ಕೊಮ್ಮೆಯ ಮೆಥೊಟ್ರೆಕ್ಸೇಟ್ ತೆಗೆದುಕೊಂಡ ಮರುದಿನ ಸುಸ್ತು ಬರುವವರು ಆ ದಿನವನ್ನು ಲೆಕ್ಕದಿಂದಲೇ ಕೈಬಿಡಿ. ಇಪ್ಪತ್ತು ನಿಮಿಷಕ್ಕೆ ಮೊಬೈಲಿನಲ್ಲಿ ಗಂಟೆ ಇಟ್ಟುಕೊಳ್ಳಿ, ಬಾರಿಸಿದಾಗ ಕೆಲಸ ಅರ್ಧವಾಗಿದ್ದರೂ ಏಳಿ. ಎಷ್ಟು ಮಾಡಿದರೆ ಹೆಚ್ಚಾಯಿತು ಎನ್ನುವುದಕ್ಕೆ ಥೆರಪಿಸ್ಟುಗಳು ಹೇಳುವ ಅಳತೆ ಒಳ್ಳೆಯದು: ಕೆಲಸ ನಿಲ್ಲಿಸಿ ಎರಡು ಗಂಟೆಯಾದರೂ ಮೊದಲಿಗಿಂತ ಹೆಚ್ಚು ನೋವಿದ್ದರೆ ಮುಂದಿನ ಸಲ ಕಡಿಮೆ ಮಾಡಬೇಕು. ಕೈ ಹಗುರಾಗಿರುವ ದಿನವೇ ಹೆಚ್ಚು ಅಪಾಯ. ಬಾಕಿಯೆಲ್ಲ ಮುಗಿಸಿಬಿಡೋಣ ಎಂದು ಅವತ್ತೇ ಅನ್ನಿಸುವುದು. ಕೀಲು ಕೆಂಪಾಗಿ ಬಿಸಿಯಾಗಿದ್ದರೆ ಯಾವ ಲೆಕ್ಕವೂ ಬೇಡ, ಟೈಮರ್ ತನ್ನ ಕೆಲಸ ಮಾಡಿಕೊಳ್ಳಲಿ.

ಬೆಳೆ ಆರಿಸುವಾಗಲೂ ಕೇಳಬೇಕಾದ ಪ್ರಶ್ನೆ ಒಂದೇ: ಹತ್ತು ದಿನ ಕೊಯ್ಯದಿದ್ದರೆ ಏನಾಗುತ್ತದೆ? ಬೆಂಡೆ ಈ ಪರೀಕ್ಷೆಯಲ್ಲಿ ಫೇಲು. ಎರಡು ದಿನ ಬಿಟ್ಟರೆ ನಾರಾಗುತ್ತದೆ, ತೊಟ್ಟು ಮುರಿಯಲು ಬಲ ಬೇಕು. ಬೀನ್ಸ್ ಕೂಡ ಅಷ್ಟೆ. ಮೆಂತ್ಯವನ್ನು ಬೇರುಸಮೇತ ಕಿತ್ತು ಪ್ರತಿ ಸಲ ಮತ್ತೆ ಬಿತ್ತಬೇಕು. ಅದರ ಬದಲು ಪದೇಪದೇ ಕತ್ತರಿಸಬಹುದಾದ ತಳಿ ಹಾಕಿ: ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಹರಿವೆ, ಅರ್ಕಾ ಅನುಪಮ ಪಾಲಕ್ ಎರಡೂ ಆ ಬಗೆಯವು. ಹರಿವೆ ಬಿತ್ತಿದ 25–30 ದಿನಕ್ಕೆ ಮೊದಲ ಕೊಯ್ಲು, ನಂತರ ಅದೇ ಬುಡದಿಂದ ಮತ್ತೆ ಚಿಗುರು. ಬಸಳೆ, ದೊಡ್ಡಪತ್ರೆ, ಒಂದೆಲಗ, ಚಕ್ರಮುನಿ ಇವು ತುಂಡಿನಿಂದಲೇ ಬರುತ್ತವೆ, ವರ್ಷಗಟ್ಟಲೆ ಇರುತ್ತವೆ. ಚಕ್ರಮುನಿಯನ್ನು ಬೇಯಿಸಿ ಪಲ್ಯ, ಸಾರಿಗೆ ಬಳಸಿ. ಹಸಿ ರಸ ದಿನವೂ ಕುಡಿಯುವ ಹುಚ್ಚು ಬೇಡ, ತೈವಾನಿನಲ್ಲಿ 1990ರ ದಶಕದಲ್ಲಿ ತೂಕ ಇಳಿಸಲೆಂದು ಹಾಗೆ ಕುಡಿದವರಲ್ಲಿ ಶ್ವಾಸಕೋಶ ಹಾಳಾದ ದಾಖಲೆ ಇದೆ. ಬದನೆ ಒಂದು ಸುತ್ತು ಕಾಯಿ ಬಿಟ್ಟ ಮೇಲೆ ಅರ್ಧಕ್ಕೆ ಸವರಿದರೆ ಮತ್ತೆ ಹೂ ಬಿಡುತ್ತದೆ. ಎಲ್ಲಕ್ಕಿಂತ ಸಹನೆಯ ಗಿಡ ಮೆಣಸಿನದು. ಹಸಿರಿರುವಾಗ ಕೀಳಲಾಗದಿದ್ದರೆ ಕೆಂಪಾಗುತ್ತದೆ, ಆಗಲೂ ಆಗದಿದ್ದರೆ ಗಿಡದಲ್ಲೇ ಒಣಗುತ್ತದೆ, ಒಗ್ಗರಣೆಗೆ ಅದೂ ನಡೆಯುತ್ತದೆ.

ಮಣ್ಣು ಬೆರೆಸುವುದು, ಬ್ಯಾಗ್ ಬದಲಿಸುವುದು, ನೆರಳು ಬಲೆ ಬಿಗಿಯುವುದು ಇಂಥ ಭಾರದ ಕೆಲಸಗಳನ್ನೆಲ್ಲ ಒಟ್ಟುಹಾಕಿ, ಮುಂಗಾರಿಗೆ ಮುಂಚೆ ಮೇ ಕೊನೆಯಲ್ಲಿ ಒಬ್ಬ ಆಳಿಗೆ ಅರ್ಧ ದಿನದ ಕೂಲಿ ಕೊಟ್ಟು ಮುಗಿಸಿ. ಮಳೆ ಹಿಡಿದ ಮೇಲೆ ಟೈಮರ್ ಆಫ್ ಮಾಡಿಸಲು ಮರೆಯಬೇಡಿ. ಜುಲೈನಲ್ಲಿ ಗಿಡ ಸಾಯುವುದು ಹೆಚ್ಚಾಗಿ ಬೇರು ಕೊಳೆತು. ಮೊದಲ ವರ್ಷಕ್ಕೆ ಎಂಟು ಬ್ಯಾಗ್ ಸಾಕು. ಆದರೆ 16 ಮಿ.ಮೀ. ಪೈಪನ್ನು ಮಾತ್ರ ಇಪ್ಪತ್ತಕ್ಕೆ ಆಗುವಷ್ಟು ಉದ್ದ ಎಳೆಸಿಡಿ.