ದೋಣಿಗಳನ್ನು ವಾಪಸ್ ತಳ್ಳಿದವರಿಗೆ ಕರುಣೆ ಇರಲಿಲ್ವಾ?

ಯುದ್ಧ ಮುಗಿದ ಮೇಲೆ ಕಮ್ಯುನಿಸ್ಟ್ ಆಡಳಿತದಿಂದ ತಪ್ಪಿಸಿಕೊಳ್ಳಲು ಸಮುದ್ರಕ್ಕಿಳಿದ ವಿಯೆಟ್ನಾಮಿನ ದೋಣಿ ನಿರಾಶ್ರಿತರ ಬಗ್ಗೆ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಜೀವ ಉಳಿಸಿಕೊಳ್ಳಲು ಬಂದವರನ್ನು ಮಲೇಷ್ಯಾ, ಥಾಯ್ಲೆಂಡ್‌ನವರು ಮತ್ತೆ ಸಮುದ್ರಕ್ಕೆ ತಳ್ಳಿದರಲ್ಲ, ಮನಸ್ಸಾದರೂ ಹೇಗೆ ಬಂತು?

ತಳ್ಳಿದ್ದು ನಿಜ. ಹಾಗೆ ತಳ್ಳಿಸಿಕೊಂಡವರಲ್ಲಿ ಎಷ್ಟೋ ಜನ ಸತ್ತದ್ದೂ ನಿಜ. ಅದು ಸರಿ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಆದರೆ ಉತ್ತರ ಹೇಳುವ ಮುಂಚೆ ಪುಲಾವ್ ಬಿಡಾಂಗ್ ದ್ವೀಪದ ಕಥೆ ಹೇಳಬೇಕು.

ಮಲೇಷ್ಯಾದ ಪೂರ್ವ ಕರಾವಳಿಯಾಚೆ ಇರುವ ಈ ದ್ವೀಪ ಸುಮಾರು ಒಂದು ಚದರ ಕಿಲೋಮೀಟರ್ ಅಷ್ಟೇ. 1978ರಲ್ಲಿ ಅಲ್ಲಿ 4,500 ಜನರಿಗೆಂದು ತಾತ್ಕಾಲಿಕ ಶಿಬಿರ ತೆರೆದರು. 1979ರ ಜೂನ್ ಹೊತ್ತಿಗೆ ಅಲ್ಲಿದ್ದವರು ಸುಮಾರು 40,000. ಒಡೆದ ದೋಣಿಗಳ ಹಲಗೆ, ಪ್ಲಾಸ್ಟಿಕ್ ಹಾಳೆ, ತಗಡು, ಏನು ಸಿಕ್ಕರೆ ಅದನ್ನು ಸೇರಿಸಿ ಜನ ಒಂದರ ಮೇಲೊಂದು ಅಂತಸ್ತಿನ ಗುಡಿಸಲು ಕಟ್ಟಿಕೊಂಡಿದ್ದರು. 1979ರ ಮೊದಲ ಆರು ತಿಂಗಳಲ್ಲಿ ಈ ಭಾಗದ ಶಿಬಿರಗಳಿಂದ ಒಬ್ಬರು ಬೇರೆ ದೇಶಕ್ಕೆ ಹೊರಟರೆ, ಹೊಸದಾಗಿ ಮೂವರು ಬಂದು ಸೇರುತ್ತಿದ್ದರು. ಶ್ರೀಮಂತ ದೇಶಗಳು ದೂರದಿಂದಲೇ ಬುದ್ಧಿ ಹೇಳುತ್ತಿದ್ದವು. ಜೂನ್ ಕೊನೆಯಲ್ಲಿ ಆಗ್ನೇಯ ಏಷ್ಯಾ ದೇಶಗಳ ಒಕ್ಕೂಟವಾದ ಆಸಿಯಾನ್‌ನಲ್ಲಿ ಆಗಿದ್ದ ಐದೂ ದೇಶಗಳು ಒಟ್ಟಾಗಿ, ಇನ್ನು ಹೊಸಬರನ್ನು ಸೇರಿಸಿಕೊಳ್ಳಲು ಆಗುವುದಿಲ್ಲ ಎಂದುಬಿಟ್ಟವು.

ಆಗ ವಿಶ್ವಸಂಸ್ಥೆಯ ಮುಖ್ಯಸ್ಥ ಕುರ್ಟ್ ವಾಲ್ಡ್‌ಹೈಮ್ ಜಿನೀವಾದಲ್ಲಿ ಸಭೆ ಕರೆದರು. ಜುಲೈ 20 ಮತ್ತು 21ರಂದು ಅಲ್ಲಿ 65 ದೇಶಗಳು ಸೇರಿದವು. ಹಿಟ್ಲರನಿಂದ ತಪ್ಪಿಸಿಕೊಂಡು ಬರುತ್ತಿದ್ದ ಯಹೂದಿಗಳಿಗೆ ಜಾಗ ಕೊಡದೆ ಬಹುತೇಕ ದೇಶಗಳು ಕೈಚೆಲ್ಲಿದ 1938ರ ಎವಿಯಾನ್ ಸಭೆಯನ್ನು ಅಮೆರಿಕದ ಉಪಾಧ್ಯಕ್ಷ ವಾಲ್ಟರ್ ಮಾಂಡೇಲ್ ಅಲ್ಲಿ ನೆನಪಿಸಿದರು. ಒಪ್ಪಂದದ ತಿರುಳು ಇಷ್ಟೇ: ನೀವು ದಡಕ್ಕೆ ಹತ್ತಿಸಿಕೊಳ್ಳಿ, ಅಲ್ಲಿಂದ ನಾವು ಕರೆದುಕೊಂಡು ಹೋಗುತ್ತೇವೆ. ಬೇರೆ ದೇಶಗಳು ಕೊಡಲು ಒಪ್ಪಿದ ಜಾಗಗಳು 1,25,000ದಿಂದ 2,60,000ಕ್ಕೆ ಏರಿದವು. ಕಾಗದಪತ್ರದ ಕೆಲಸ ಬೇಗ ಮುಗಿಯಲಿ ಅಂತ ಇಂಡೋನೇಷ್ಯಾ ಮತ್ತು ಫಿಲಿಪೀನ್ಸ್ ಪ್ರತ್ಯೇಕ ಕೇಂದ್ರಗಳಿಗೆ ಜಾಗ ಬಿಟ್ಟುಕೊಟ್ಟವು. ಮುಂದಿನ 18 ತಿಂಗಳಲ್ಲಿ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾದ ನಾಲ್ಕೂವರೆ ಲಕ್ಷಕ್ಕೂ ಜಾಸ್ತಿ ಜನ ಹೊಸ ದೇಶ ಸೇರಿದರು. ದೋಣಿ ತಳ್ಳುವುದು ಬಹುಮಟ್ಟಿಗೆ ನಿಂತಿತು. ದಡ ಅದೇ, ಪೊಲೀಸರೂ ಅವರೇ. ಬಂದವರು ಇಲ್ಲೇ ಉಳಿದುಬಿಡುತ್ತಾರೆ ಅನ್ನುವ ಭಯ ಕಡಿಮೆಯಾಗಿತ್ತು, ಅಷ್ಟೇ. ಇದೇ ನನ್ನ ಉತ್ತರ.

ಸಮುದ್ರದ ನಡುವೆಯೂ ಇದೇ ಲೆಕ್ಕ ನಡೆಯುತ್ತಿತ್ತು. ಸರಕು ಹಡಗಿನವರು ಮುಳುಗುತ್ತಿದ್ದವರನ್ನು ಎತ್ತಿಕೊಂಡು ಬಂದರೆ, ಇವರನ್ನು ಯಾವ ದೇಶ ಕರೆದುಕೊಳ್ಳುತ್ತದೆ ಅಂತ ಬಂದರಿನವರು ಮೊದಲು ಕೇಳುತ್ತಿದ್ದರು. ಹಡಗು ನೋಂದಣಿಯಾದ ದೇಶ, ಅಂದರೆ ಅದರ ಬಾವುಟದ ದೇಶ, ಯಾರನ್ನೂ ಕರೆದುಕೊಳ್ಳದ್ದಾಗಿದ್ದರೆ? ಅಂಥವರ ಹೊಣೆಯನ್ನು 1979ರಲ್ಲೇ ಎಂಟು ಪಾಶ್ಚಾತ್ಯ ದೇಶಗಳು ಒಟ್ಟಾಗಿ ಹೊತ್ತವು. ಹೀಗೆ ಮಾತು ಕೊಟ್ಟಿದ್ದಕ್ಕೇ ಎಷ್ಟೋ ಜೀವ ಉಳಿದವು.

ಆದರೂ ಎರಡು ವಿಷಯ ನನ್ನನ್ನು ಇವತ್ತಿಗೂ ಕೊರೆಯುತ್ತವೆ. ಒಂದು, ಶಿಬಿರದವರಲ್ಲಿ ಯಾರನ್ನು ಕರೆದುಕೊಳ್ಳಬೇಕು ಅಂತ ಆರಿಸುವ ರೀತಿ. ನೆಂಟರು ಅಮೆರಿಕದಲ್ಲಿದ್ದಾರಾ, ಯುದ್ಧದ ಕಾಲದಲ್ಲಿ ಅಮೆರಿಕನ್ನರ ಜೊತೆ ಕೆಲಸ ಮಾಡಿದ್ದರಾ ಅಂತ ವಿಚಾರಿಸಿ ಹೆಸರು ಬರೆದುಕೊಳ್ಳುತ್ತಿದ್ದರು. ಕ್ಷಯ ಇದ್ದವರು ಔಷಧಿ ಮುಗಿಯುವವರೆಗೆ ಕಾಯಬೇಕಿತ್ತು. ಇನ್ನೊಂದು, ಜನ ಕದ್ದು ಹೊರಡುವುದನ್ನು ತಡೆಯುತ್ತೇವೆ ಅಂತ ವಿಯೆಟ್ನಾಂ ಆ ಸಭೆಯಲ್ಲಿ ಕೊಟ್ಟ ಮಾತು. ನೆರೆಯ ದೇಶಗಳು ಉಸಿರು ಬಿಟ್ಟವು. ಆದರೆ ಹೊರಡಲು ಕಾಯುತ್ತಿದ್ದವರ ಪಾಲಿಗೆ ಅದು ಬಾಗಿಲಿಗೆ ಬಿದ್ದ ಬೀಗ ಅಲ್ವಾ?

ಅವರಿಗೆ ಉಳಿದದ್ದು ಆ ವರ್ಷದ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯೂ ವಿಯೆಟ್ನಾಮೂ ಸೇರಿ ಒಪ್ಪಿಕೊಂಡ ದಾರಿ: ಅನುಮತಿ ಪಡೆದು, ವಿಮಾನದಲ್ಲಿ ನೇರವಾಗಿ ಹೊರಡುವುದು. ಮೊದಮೊದಲು ಅದು ತುಂಬಾ ನಿಧಾನವಾಗಿತ್ತು. 1984ರಲ್ಲಿ ಆ ದಾರಿಯಲ್ಲಿ ಹೊರಟವರು ಸುಮಾರು 29,100 ಜನ. ದೋಣಿಯಲ್ಲಿ ಬಂದವರು ಆ ವರ್ಷ 24,865.