ಕ್ಷಮಿಸುತ್ತಲೇ ಹೋದರೆ ಸಲಿಗೆ ಕೊಟ್ಟಂತಾಗುವುದಿಲ್ಲವೇ?

ನಾನು ಕ್ರೈಸ್ತಳೆಂದು ತಿಳಿದವರು, ಸಭೆಯ (ಚರ್ಚಿನ) ಒಳಗಿನವರೂ ಸೇರಿದಂತೆ, ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಯೇಸುವಿನ ಶಿಷ್ಯನಾದ ಪೇತ್ರನಿಗೂ ಇಂಥದೇ ಅನುಮಾನವಿದ್ದಿರಬೇಕು. ಏಳು ಸಲ ಕ್ಷಮಿಸಿದರೆ ಸಾಕೇ ಎಂದು ಅವನು ಕೇಳಿದಾಗ ಯೇಸು ಏಳೆಪ್ಪತ್ತು ಸಲ ಎಂದದ್ದು ಬೈಬಲಿನ ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿದೆ. ಆದರೆ ಆ ವಚನವನ್ನಷ್ಟೇ ಉತ್ತರವಾಗಿ ಎತ್ತಿ ಹೇಳಿದರೆ ಕೇಳಿದವರ ಬಾಯಿ ಮುಚ್ಚುತ್ತದೆಯೇ ಹೊರತು ಸಂಶಯ ತೀರುವುದಿಲ್ಲ. ಆದ್ದರಿಂದ ನಾನು ಮಾರ್ಕನ ಕಥೆಯನ್ನು ಹೇಳುತ್ತೇನೆ.

ಯೋಹಾನನೆಂಬ ಇನ್ನೊಂದು ಹೆಸರಿದ್ದ ಈ ಮಾರ್ಕನು ಆದಿ ಸಭೆಯ ಸುವಾರ್ತಾ ಪ್ರಚಾರಕರಾದ ಪೌಲ ಮತ್ತು ಬಾರ್ನಬರ ಮೊದಲ ಸುವಾರ್ತಾ ಪ್ರಯಾಣದಲ್ಲಿ ಸಹಾಯಕನಾಗಿ ಹೊರಟವನು. ಪಂಫುಲ್ಯ ಪ್ರಾಂತದ ಪೆರ್ಗೆ ಪಟ್ಟಣವನ್ನು ತಲುಪಿದಾಗ ಅವರಿಬ್ಬರನ್ನು ಬಿಟ್ಟು ಯೆರೂಸಲೇಮಿಗೆ ಹಿಂದಿರುಗಿದನು. ಕಾರಣವನ್ನು ಈ ಕಥೆಯನ್ನು ಬೈಬಲಿನಲ್ಲಿ ದಾಖಲಿಸಿದ ಲೂಕನು ಬರೆದಿಲ್ಲ. ಮುಂದೆ ಎರಡನೆಯ ಪ್ರಯಾಣದ ಮಾತು ಬಂದಾಗ ಬಾರ್ನಬನು ಅವನನ್ನೂ ಕರೆದೊಯ್ಯಬೇಕೆಂದನು, ಪೌಲನು ಒಪ್ಪಲಿಲ್ಲ, ವಾಗ್ವಾದ ಎಷ್ಟು ಬಿರುಸಾಯಿತೆಂದರೆ ಇಬ್ಬರೂ ಅಗಲಿ, ಪೌಲನು ಸೀಲನೊಂದಿಗೆ ಸಿರಿಯದ ಕಡೆಗೂ ಬಾರ್ನಬನು ಮಾರ್ಕನೊಂದಿಗೆ ಸೈಪ್ರಸ್ ದ್ವೀಪಕ್ಕೂ ಹೊರಟುಹೋದರು.

ಇಲ್ಲಿ ಪೌಲನನ್ನು ಕಠಿಣ ಹೃದಯದವನೆಂದು ಜರೆಯುವ ಉಪದೇಶಗಳನ್ನು ಕೇಳಿದ್ದೇನೆ. ನನಗೆ ಅದು ಸರಿಯೆನಿಸುವುದಿಲ್ಲ. ನಡುದಾರಿಯಲ್ಲಿ ಕೈಬಿಟ್ಟವನಿಗೆ ಅದೇ ಹೊಣೆಯನ್ನು ಮತ್ತೆ ಒಪ್ಪಿಸಲು ಹಿಂಜರಿಯುವುದು ದ್ವೇಷವಲ್ಲ. ಕ್ಷಮೆ ನೊಂದವರು ಕೊಡುವಂಥದ್ದು, ನಂಬಿಕೆಯಾದರೋ ತಪ್ಪಿದವನ ನಡತೆಯಿಂದಲೇ ಮರಳಿ ಬೆಳೆಯಬೇಕಾದದ್ದು. (ಹಿಂಸೆಗೊಳಗಾದವರಿಗೆ “ಕ್ಷಮಿಸಿ ಹಿಂದಿರುಗಿ ಹೋಗು” ಎಂದು ಬುದ್ಧಿ ಹೇಳುವವರು ಈ ಎರಡನ್ನೂ ಕಲಸಿಬಿಡುತ್ತಾರೆ.)

ಬಾರ್ನಬನು ಮಾಡಿದ್ದು ಬೇರೆ. ಮಾರ್ಕನದು ತಪ್ಪೇ ಅಲ್ಲವೆಂದು ಅವನು ವಾದಿಸಿದಂತೆ ಎಲ್ಲೂ ಇಲ್ಲ. ಆ ಒಂದು ತಪ್ಪಿನಲ್ಲೇ ಮಾರ್ಕನು ಮುಗಿದುಹೋದನೆಂದು ಅವನು ಒಪ್ಪಲಿಲ್ಲ, ಅಷ್ಟೆ. ಹಾಗೆ ಒಪ್ಪದ ಮೇಲೆ ಅವನನ್ನು ಬೇರೆಯವರ ತಲೆಗೆ ಕಟ್ಟದೆ, ಮತ್ತೆ ಬಿಟ್ಟುಹೋದರೆ ಆಗುವ ನಷ್ಟ ತನ್ನದೇ ಆಗಲೆಂಬಂತೆ, ಜೊತೆಯಲ್ಲೇ ಕರೆದುಕೊಂಡು ಹೋದನು. ಇಬ್ಬರೂ ಸಂಬಂಧಿಕರೆಂದು ಕೊಲೊಸ್ಸೆ ಪಟ್ಟಣದ ಸಭೆಯವರಿಗೆ ಬರೆದ ಬೈಬಲಿನ ಪತ್ರ ಹೇಳುವುದರಿಂದ, ಇದು ಬರೀ ಮಮಕಾರವೆಂದು ಆಕ್ಷೇಪಿಸಬಹುದು. ಆದರೆ ಸಭೆಯನ್ನು ಹಿಂಸಿಸಿದ ಸೌಲನನ್ನು ನಂಬಲಾರದೆ ಯೆರೂಸಲೇಮಿನ ಶಿಷ್ಯರು ಹೆದರಿದ್ದಾಗ ಅವನನ್ನು ಅಪೊಸ್ತಲರ (ಯೇಸುವಿನ ಪ್ರಮುಖ ಶಿಷ್ಯರ) ಬಳಿಗೆ ಕರೆತಂದವನೂ ಇದೇ ಬಾರ್ನಬನು. ಆ ಸೌಲನೇ ಮುಂದೆ ಮಾರ್ಕನನ್ನು ಬೇಡವೆಂದ ಪೌಲ.

ತನ್ನ ಜೊತೆ ಸೇವೆ ಮಾಡುತ್ತಿದ್ದ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ, ಸೆರೆಯಲ್ಲಿರುವ ಪೌಲನು ದೇಮನೆಂಬ ಜೊತೆಗಾರನು ತನ್ನನ್ನು ತೊರೆದುಹೋದನೆಂದು ಹೇಳುತ್ತಾನೆ. ಅದರ ಮುಂದಿನ ವಚನದಲ್ಲೇ, ಮಾರ್ಕನನ್ನು ಕರೆದುಕೊಂಡು ಬಾ, ಸೇವೆಗೆ ಅವನು ನನಗೆ ಬೇಕಾದವನು ಎಂದು ಕೇಳಿಕೊಳ್ಳುತ್ತಾನೆ.