ಪತ್ರ ಬರೆಯುವವನು ಕಂಡ 'ತಿಥಿ'

ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಟೇಬಲ್ ಹಾಕಿಕೊಂಡು ಕ್ರಯಪತ್ರ, ವಿಭಾಗಪತ್ರ ಬರೆಯುವುದು ನನ್ನ ಕೆಲಸ. ರಾಮ್ ರೆಡ್ಡಿ ನಿರ್ದೇಶನದ 'ತಿಥಿ' ನೋಡಿ ಜನ ಬಿದ್ದು ಬಿದ್ದು ನಗ್ತಾರೆ. ನಾನೂ ನಗ್ತೀನಿ. ಆದರೆ ನನ್ನ ಕಣ್ಣು ಮಾತ್ರ ಅದರಲ್ಲಿ ಬರುವ ಕಾಗದಗಳ ಮೇಲೇ ಇರುತ್ತೆ.

ಕಥೆ ಗೊತ್ತಲ್ವಾ? ಮಂಡ್ಯ ಸೀಮೆಯ ಹಳ್ಳಿಯಲ್ಲಿ 101 ವರ್ಷದ ಸೆಂಚುರಿ ಗೌಡ ಸಾಯ್ತಾನೆ. ಮಗ ಗಡ್ಡಪ್ಪನಿಗೆ ಬೀಡಿ, ಬ್ರಾಂದಿ, ತಿರುಗಾಟ ಇದ್ದರೆ ಸಾಕು, ಆಸ್ತಿ ಬೇಡ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರಲೇಬೇಕು. ಮರಿಮಗ ಅಭಿ ಕುರಿ ಕಾಯುವವರ ಹುಡುಗಿಯ ಹಿಂದೆ ಬಿದ್ದಿದ್ದಾನೆ. 11ನೇ ದಿನದ ತಿಥಿ ಹತ್ತಿರ ಬರ್ತಿದೆ, ಊರಿಗೆಲ್ಲ ಊಟ ಹಾಕಬೇಕು. ನಟಿಸಿದವರು ಆ ಕಡೆಯ ಹಳ್ಳಿಗರೇ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಪಡೆದ ಚಿತ್ರ.

ತಾತ ಸತ್ತ ಮೇಲೆ ಪೌತಿ ಖಾತೆ, ಅಂದರೆ ಸತ್ತವರ ಜಮೀನಿನ ದಾಖಲೆ ವಾರಸುದಾರರಿಗೆ ಬದಲಾಗುವುದು, ಇಲ್ಲಿ ಆಗಬೇಕಾದದ್ದು ಮಗ ಗಡ್ಡಪ್ಪನ ಹೆಸರಿಗೆ. ಮಗ ಬದುಕಿದ್ದರೆ ಮೊಮ್ಮಗ ಒಬ್ಬನೇ ಹೋಗಿ ಮಾರಲಾಗದು. ಹಾಗಾಗಿ ತಮ್ಮಣ್ಣ ಬದುಕಿರುವ ಅಪ್ಪನ ಮರಣ ಪತ್ರ ಮಾಡಿಸಲು ಹೊರಡುತ್ತಾನೆ. ಅಪ್ಪನ ಕೈಗೆ ದುಡ್ಡು ಕೊಟ್ಟು, ಊರೂರು ಸುತ್ತಿಕೊಂಡು ಬಾ ಅಂತ ಕಳಿಸುತ್ತಾನೆ. ಇದು ಬರೀ ಸಿನಿಮಾದ ತಮಾಷೆ ಅಂದುಕೊಳ್ಳಬೇಡಿ. 'ಅಪ್ಪ ಬರಾಕಿಲ್ಲ ಕಣಣ್ಣ, ಏನಾದ್ರೂ ದಾರಿ ಹೇಳು' ಅಂತ ನನ್ನ ಟೇಬಲ್ ಮುಂದೆ ನಿಂತವರು ಬೇಕಾದಷ್ಟು ಜನ ಇದ್ದಾರೆ. ಪಾಪ, ಕೆಟ್ಟವರೇನಲ್ಲ. ಸಾಲ ಕುತ್ತಿಗೆಗೆ ಬಂದಿರುತ್ತೆ, ಅಷ್ಟೇ.

ಈ ಸಿನಿಮಾ ನೋಡಿದ ಮೇಲೆ ನನ್ನ ಕೆಲಸದಲ್ಲಿ ಒಂದು ಬದಲಾವಣೆ ಆಯಿತು. ಮೊದಲೆಲ್ಲ ಪಹಣಿ, ಅಂದರೆ ಜಮೀನಿನ ದಾಖಲೆ ಕೇಳುತ್ತಿದ್ದೆ. ಈಗ 'ಯಜಮಾನ್ರು ಎಲ್ಲಿ?' ಅಂತ ಶುರು ಮಾಡುತ್ತೇನೆ. ಆಮೇಲೆ ಒಂದು ಹಾಳೆಯ ಹಿಂಬದಿಯಲ್ಲಿ ವಂಶವೃಕ್ಷ ಬರೆಸುತ್ತೇನೆ, ಇದ್ದವರು, ಇಲ್ಲದವರು, ಮದುವೆಯಾಗಿ ಹೋದವರು ಎಲ್ಲ. ಹೆಣ್ಣುಮಕ್ಕಳ ಹೆಸರು ಬರುವ ಹೊತ್ತಿಗೆ ಪೆನ್ನು ನಿಂತುಬಿಡುತ್ತೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತದಲ್ಲಿ ಅವರಿಗೂ ಸಮಪಾಲು ಇದೆ ಅಂದರೆ, 'ಅವಕ್ಕೆ ಮದ್ವೇಲಿ ಕೊಟ್ಟಾಗದೆ' ಅಂತಾರೆ. ಜಗಳ ಅಲ್ಲೇ ಶುರು. ಆಗಲಿ ಬಿಡಿ, ಕೋರ್ಟಿನಲ್ಲಿ ಆಗುವುದಕ್ಕಿಂತ ನನ್ನ ಟೇಬಲ್ ಮುಂದೆ ಆದರೆ ಖರ್ಚು ಕಡಿಮೆ.

ಇನ್ನೊಂದು, ಬರಲ್ಲ ಅನ್ನುವ ಅಪ್ಪನಿಗೂ ಒಂದು ಕಾರಣ ಇರುತ್ತೆ. ಗಡ್ಡಪ್ಪ ಕುರಿ ಕಾಯುವವರ ಜೊತೆ ಕೂತು ತನ್ನ ಸಂಸಾರದ ಹಳೇ ಕಥೆ ಹೇಳುವ ದೃಶ್ಯ ಇದೆ. ಏನು ಕಥೆ ಅಂತ ನಾನು ಹೇಳಲ್ಲ, ನೋಡಿ. ಅಲ್ಲಿವರೆಗೂ ಅವನು ಸುಮ್ನೆ ಬೇಜವಾಬ್ದಾರಿ ಮನುಷ್ಯ ಅನ್ನಿಸುತ್ತಾನೆ. ಮಗನಿಗೆ ಆ ಕಥೆ ಕೇಳುವ ಪುರುಸೊತ್ತೇ ಇಲ್ಲ.

ಹೋದ ಸಲ ಒಬ್ಬ ಯಜಮಾನ್ರು ಬೇವಿನ ಮರದ ಕೆಳಗೇ ನಿಂತುಬಿಟ್ಟರು. ಮಕ್ಕಳು ಕರೆದರೂ ಒಳಗೆ ಬರಲಿಲ್ಲ. ನಾನೇ ಹೋಗಿ ಟೀ ಕೊಟ್ಟು ಪಕ್ಕದಲ್ಲಿ ಕೂತೆ. ತುಂಬಾ ಹೊತ್ತಾದ ಮೇಲೆ, 'ಬರ್ದುಕೊಡ್ತೀನಿ ಕಣಪ್ಪ, ಆಮೇಲೆ ನನಗೆ ಅನ್ನ ಹಾಕೋರು ಯಾರು?' ಅಂದರು. ಅಷ್ಟೇ ವಿಷಯ. ಇದಕ್ಕೆ ಕಾನೂನಿನಲ್ಲೇ ದಾರಿ ಇದೆ. ಹಿರಿಯ ನಾಗರಿಕರ 2007ರ ಕಾಯ್ದೆಯ ಪ್ರಕಾರ, ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ದಾನಪತ್ರ ಬರೆದುಕೊಟ್ಟು ಮಕ್ಕಳು ನೋಡಿಕೊಳ್ಳದಿದ್ದರೆ, ಎ.ಸಿ. (ಉಪವಿಭಾಗಾಧಿಕಾರಿ) ಹತ್ತಿರ ಹೋಗಿ ಅದನ್ನು ರದ್ದು ಮಾಡಿಸಬಹುದು. ಆದರೆ ಆ ಷರತ್ತು ಪತ್ರದಲ್ಲೇ ಬಿಡಿಸಿ ಬರೆದಿರಬೇಕು, ಇಲ್ಲದಿದ್ದರೆ ವಾದಕ್ಕೆ ಜಾಗ ಆಗುತ್ತೆ. ಊಟ, ಬಟ್ಟೆ, ಔಷಧಿ, ಮಲಗಲು ಈಗಿರುವ ಕೋಣೆ, ಎಲ್ಲ ಬರೆದೆ. ದೊಡ್ಡ ಮಗ 'ಇಷ್ಟೆಲ್ಲ ಬೇಕಾ ಅಣ್ಣ?' ಅಂದ. ಯಜಮಾನ್ರು ಓದಿಸಿ ಕೇಳಿ, ಜೇಬಿನ ಬೀಡಿ ಕಟ್ಟು ತೋರಿಸಿ, 'ಇದನ್ನೂ ಸೇರ್ಸು' ಅಂದರು. ಅದನ್ನು ಮಾತ್ರ ಸೇರಿಸಲಿಲ್ಲ.